ಮೊಸರಿನ ಡಬ್ಬಿಯಲ್ಲಿ ಎಡಗಿವಿ

ಮೊದಲ ಸಲ ಹಡಗು ಹತ್ತುವ ದಿನ ರಕ್ಷಿತ್ ತಾಯಿಯಿಂದ ಒಂದು ಮಾತು ಪಡೆದಿದ್ದ. ನೌಕಾಪಡೆಯಲ್ಲಿ ಅವನದು ಸೋನಾರ್ ಕೆಲಸ. ನೀರಿನೊಳಗೆ ಶಬ್ದ ಬಿಟ್ಟು ಜಲಾಂತರ್ಗಾಮಿಗಳನ್ನು ಹುಡುಕುವುದು. ಆ ಶಬ್ದಕ್ಕೆ ತಿಮಿಂಗಿಲಗಳು ದಿಕ್ಕುಗೆಟ್ಟು ದಡಕ್ಕೆ ಬೀಳಬಹುದೆಂದು ಎಲ್ಲೋ ಓದಿದ್ದ.

"ನಮ್ಮಿಂದ ಒಂದು ಬಂದು ಬಿದ್ರೆ, ಅಮ್ಮಾ, ಯೂ ಹ್ಯಾವ್ ಟು ಟೆಲ್ ಮಿ."

"ಹೇಳ್ತೇನೆ ಮಗ," ಎಂದಿದ್ದರು ಜಯಂತಿ. ಹೇಳುವುದಕ್ಕೆ ಗೊತ್ತಿರಬೇಕಲ್ಲ ಎಂದು ಮರುತಿಂಗಳೇ ಕಡಲಪ್ರಾಣಿ ಸಂಶೋಧನಾ ಕೇಂದ್ರದಲ್ಲಿ ಸ್ವಯಂಸೇವಕಿಯಾದರು. ಅದಾಗಿ ಆರು ವರ್ಷ.

ನವೆಂಬರ್ ೧೪, ಮಧ್ಯಾಹ್ನ ೨:೧೦. ಹಾಫ್ ಮೂನ್ ಬೇ ಬಳಿಯ ಠಾಣೆಗೆ ಫೋನ್ ಬಂತು. ದೂರು ಕೊಟ್ಟವರು ಕೇಂದ್ರದ ಪಶುವೈದ್ಯೆ ಡಾ. ಹೆಲೆನ್ ಪಾರ್ಕ್. ಕಳುವಾದ ವಸ್ತು: ಸತ್ತ ತಿಮಿಂಗಿಲದ ಎಡಗಿವಿಯ ಮೂಳೆ, ಮುಷ್ಟಿ ಗಾತ್ರ.

"ವರದಿಯಲ್ಲಿ ಆಭರಣ ಅಂತ ಬರೀಲಾ?" ಎಂದ ಡೆಪ್ಯುಟಿ ಓರ್ಟಿಜ್.

"ಗಾಡಿ ತೆಗಿ," ಎಂದಳು ಡಿಟೆಕ್ಟಿವ್ ವಿಭಾ.

೨:೫೦ಕ್ಕೆ ಸ್ಥಳದ ಮಹಜರು ಶುರುವಾಯಿತು. ತಿಮಿಂಗಿಲ ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಅಲೆ ಬಂದು ಬಾಲ ಎತ್ತಿ ಇಳಿಸಿ ಹೋಗುತ್ತಿತ್ತು.

"ಬಲಗಿವಿ?" ವಿಭಾ ಡಾಕ್ಟರನ್ನು ಕೇಳಿದಳು.

"ಶಾರ್ಕ್ ಕಚ್ಚಿಕೊಂಡು ಹೋಗಿದೆ."

"ಇದೊಂದು ಕಿವಿ ಅಷ್ಟು ಮುಖ್ಯನಾ?"

"ಹೋದ ವಾರ ಈ ಕಡಲಲ್ಲಿ ನೌಕಾಪಡೆಯ ತಾಲೀಮಿತ್ತು. ಶಬ್ದದ ಪೆಟ್ಟು ಬಿದ್ದಿದ್ರೆ ಒಳಗಿವಿಯ ಜೀವಕೋಶದಲ್ಲಿ ಗೊತ್ತಾಗುತ್ತೆ. ಬಿದ್ದಿಲ್ಲ ಅಂದ್ರೆ ಅದೂ ಗೊತ್ತಾಗುತ್ತೆ. ಬೇರೆ ಸಾಕ್ಷಿ ಇಲ್ಲ." ಡಾಕ್ಟರ್ ಖಾಲಿ ಐಸ್ ಪೆಟ್ಟಿಗೆ ತೋರಿಸಿದರು. "ಕಿವಿನ ಇದರಲ್ಲಿಟ್ಟು, ಕೋಶ ಕೆಡದ ಹಾಗೆ ಇಡೋ ಫಾರ್ಮಲಿನ್ ತರೋಕೆ ವ್ಯಾನಿಗೆ ಹೋದೆ. ಹತ್ತೇ ನಿಮಿಷ."

ದಡದಲ್ಲಿದ್ದ ಸ್ವಯಂಸೇವಕರ ಚೀಲಗಳಲ್ಲಿ ಏನೂ ಸಿಗಲಿಲ್ಲ. ಪಾರ್ಕಿಂಗ್ ಪಕ್ಕದ ಕಸದ ತೊಟ್ಟಿಯಿಂದ ಓರ್ಟಿಜ್ ಕೂಗಿದ, "ಇಲ್ಲೇನೋ ಹಳದಿ ಅನ್ನ!"

ವಿಭಾ ಬಗ್ಗಿ ನೋಡಿದಳು. ಚಿತ್ರಾನ್ನ. ಕಡಲೆಬೀಜ, ಕರಿಬೇವು, ಹತ್ತು ಜನಕ್ಕಾಗುವಷ್ಟು. ಅನ್ನದ ರಾಶಿಗಿದ್ದ ಡಬ್ಬಿಯ ಆಕಾರ ಇನ್ನೂ ಕೆಟ್ಟಿರಲಿಲ್ಲ. ಡಬ್ಬಿ ಮಾತ್ರ ಇರಲಿಲ್ಲ.

"ಜಯಂತಿ ತಂದದ್ದು," ಎಂದರು ಡಾಕ್ಟರ್. "ಪ್ರತಿ ಸಲ ದೊಡ್ಡ ಮೊಸರಿನ ಡಬ್ಬಿಯಲ್ಲಿ ತರ್ತಾರೆ. ಇವತ್ತು ಯಾರೂ ತಿಂದೇ ಇಲ್ಲ. ೧:೪೦ಕ್ಕೆ ಸಹಿ ಹಾಕಿ ಹೊರಟುಬಿಟ್ರು."

ಬೆರ್ರಿಯೆಸಾದ ಮನೆಯಲ್ಲಿ ವಿಭಾಳ ಅಮ್ಮ ಎರಡು ಚಮಚ ಅನ್ನ ಉಳಿದರೂ ಮುಚ್ಚಿಟ್ಟು ಮರುದಿನ ಒಗ್ಗರಣೆ ಹಾಕುವವಳು. ಮುಟ್ಟದ ಚಿತ್ರಾನ್ನವನ್ನು ಅಂಥ ಕೈ ಚೆಲ್ಲುವುದಿಲ್ಲ, ಡಬ್ಬಿಯ ತುರ್ತು ಇಲ್ಲದಿದ್ದರೆ.

ವಾರಂಟ್ ಕೈಗೆ ಬಂದದ್ದು ಮರುದಿನ. ಬೆಳಿಗ್ಗೆ ೮:೩೦ಕ್ಕೆ ಸ್ಯಾನ್ ಮಟಿಯೋದ ಅಪಾರ್ಟ್‌ಮೆಂಟಿನಲ್ಲಿ ಜಯಂತಿಯವರೇ ಬಾಗಿಲು ತೆಗೆದರು.

"ಚಿತ್ರಾನ್ನ ಯಾಕೆ ಚೆಲ್ಲಿದ್ರಿ ಆಂಟಿ?"

ಪೊಲೀಸ್ ಬಾಯಲ್ಲಿ ಕನ್ನಡ ಕೇಳಿ ಅವರು ವಿಭಾಳ ಬ್ಯಾಡ್ಜನ್ನೂ ಮುಖವನ್ನೂ ನೋಡಿದರು. "ಉಪ್ಪು ಜಾಸ್ತಿಯಾಗಿತ್ತು."

"ಯಾರೂ ರುಚಿನೇ ನೋಡಿಲ್ವಂತೆ."

ಜಯಂತಿ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

"ಫ್ರೀಜರ್ ತೆಗೀಬೇಕು."

"ನಾನೇ ತೆಗೀತೇನೆ. ಬಂಗುಡೆ ಮೀನಿನ ಹಿಂದೆ ಉಂಟು."

ಒಳಗಿದ್ದ ಪ್ರತಿ ಡಬ್ಬಿಯ ಮೇಲೂ ಟೇಪು ಅಂಟಿಸಿ ಹೆಸರು, ತಾರೀಕು ಬರೆದಿತ್ತು. ಸಾರು. ಗಸಿ. ಕಾಯಿತುರಿ. ಹಿಂದಿನ ಮೊಸರಿನ ಡಬ್ಬಿಯ ಮೇಲೆ ಬರೆದಿದ್ದದ್ದು: ರಕ್ಷಿತ್ ಬಂದ ಮೇಲೆ.

"ಬಿಸಾಡ್ಲಿಕ್ಕೆ ತಂದದ್ದಲ್ಲಮ್ಮ," ಎಂದರು ಜಯಂತಿ. "ತಾಲೀಮಿನಲ್ಲಿ ಅವನ ಹಡಗೂ ಇತ್ತು. ಮಾರ್ಚಲ್ಲಿ ಅವನ ಡ್ಯೂಟಿ ಮುಗೀತದೆ. ಮನೆಗೆ ಬಂದ ಮೇಲೆ ಡಾಕ್ಟ್ರಿಗೆ ವಾಪಸ್ ಕೊಡ್ತಿದ್ದೆ. ರಿಸಲ್ಟು ಏನೇ ಬರ್ಲಿ, ಆಗ ಅವನು ನನ್ನ ಹತ್ರ ಕೂತಿರ್ತಿದ್ದ. ಅಲ್ಲಿ ಒಬ್ಬನೇ ಕೂತು ಕೇಳ್ಬಾರ್ದು ಅಂತ."

ವಿಭಾ ಡಾಕ್ಟರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು.

"ಫ್ರೀಜರಲ್ಲಾ? ರಾತ್ರಿಯಿಡೀ?" ಎಂದರು ಡಾಕ್ಟರ್. "ಹೆಪ್ಪುಗಟ್ಟಿದ್ರೆ ಕೋಶಗಳೆಲ್ಲ ಒಡೆದುಹೋಗುತ್ತವೆ. ಇನ್ನು ಅದರಲ್ಲಿ ಓದೋಕೆ ಏನೂ ಉಳಿದಿಲ್ಲ."

"ನೀವೂ ಐಸಲ್ಲೇ ಇಟ್ಟಿದ್ರಲ್ಲ," ಎಂದರು ಜಯಂತಿ. ಇಷ್ಟು ವರ್ಷ ಕೇಂದ್ರದಲ್ಲಿ ಅವರು ದಾಖಲೆ ಪುಸ್ತಕದಲ್ಲಿ ಸಮಯ ಬರೆದಿದ್ದರು, ಊಟ ಹಂಚಿದ್ದರು. ಕತ್ತರಿಸುವ ಮೇಜಿನ ಹತ್ತಿರ ಹೋದವರಲ್ಲ. "ಕೆಡ್ಬಾರ್ದು ಅಂತಲೇ ಇಟ್ಟದ್ದು..."

ಬೆಳಿಗ್ಗೆ ೯:೦೫ಕ್ಕೆ ಬಂಧನ. ಓರ್ಟಿಜ್ ಬೇಡಿ ಹೊರತೆಗೆದ. ವಿಭಾ ಬೇಡವೆಂದು ತಲೆಯಾಡಿಸಿದಳು, ಅವನು ಒಳಗಿಟ್ಟ. ಜಯಂತಿ ಸ್ಟವ್ ಆರಿಸಿದೆಯೇ ಎಂದು ಎರಡು ಸಲ ನೋಡಿ ಬಂದರು.

ಠಾಣೆಯಲ್ಲಿ ಅವರಿಗೆ ಫೋನ್ ಕೊಟ್ಟರು. ಹಡಗು ಸ್ಯಾನ್ ಡಿಯಾಗೊ ಬಂದರಿನಲ್ಲಿತ್ತು. ಮಗ ಎತ್ತಿಕೊಂಡ.

"ಒಂದು ತಿಮಿಂಗಿಲ ಬಂದಿತ್ತು ಮಗ."

"ಅಮ್ಮಾ... ವಾಸ್ ಇಟ್ ಅಸ್?"

ಜಯಂತಿ ಫೋನನ್ನು ಎರಡೂ ಕೈಯಲ್ಲಿ ಹಿಡಿದರು. "ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವುದಿಲ್ಲ. ನಾನೇ ಹಾಗೆ ಮಾಡಿದೆ."

ಪಕ್ಕದ ಮೇಜಿನಲ್ಲಿ ವಿಭಾ ವರದಿ ಮುಗಿಸುತ್ತಿದ್ದಳು. ಉದ್ದೇಶ ಎಂಬಲ್ಲಿ ಬರೆದಳು: ಮಗನನ್ನು ಹತ್ತಿರ ಕೂರಿಸಿಕೊಂಡು ಹೇಳುವುದು.

ಆರು ವರ್ಷದ ಹಿಂದೆ ಕೊಟ್ಟ ಮಾತು ಉಳಿಯಲಿಲ್ಲ.