ಸುತ್ತಿಗೆಗೆ ಸಿಗದ ಅಲಾರಂ

ಮೊದಲು ಗೊತ್ತಾಗಿದ್ದು ಕಿವಿಗೆ. ಕಣ್ಣಿಗಲ್ಲ.

ಡ್ಯೂಯಿ ಸ್ಯಾಂಡ್ವಿಕ್ ಮೇಜಿನ ಮೇಲೆ ಕಾಗದದ ಲೋಟ ಜೋಡಿಸುತ್ತಿದ್ದ. ಕೈ ಅರ್ಧದಲ್ಲೇ ನಿಂತಿತು. ಕಚೇರಿಯಲ್ಲಿ ಏನೋ ಕಡಿಮೆಯಾಗಿತ್ತು. ಹೀಟರ್ ಗೊರಗುಟ್ಟುತ್ತಿತ್ತು. ಹೊರಗೆ ಲಾರಿಗಳು ಓಡಾಡುತ್ತಿದ್ದವು. ಆದರೆ ಬೆಳಿಗ್ಗೆ ಬಾಗಿಲು ತೆರೆದಾಗ ಕೇಳಿದ್ದ ಟಿಕ್‌ಟಿಕ್ ಇರಲಿಲ್ಲ.

ತಿರುಗಿ ನೋಡಿದ. ಗೋಡೆಗೆ ದೊಡ್ಡ ಗಾಜಿನ ಕಪಾಟು. ಅದರ ತುಂಬ ಸತ್ತ ಅಲಾರಂ ಗಡಿಯಾರಗಳು. ಗಾಜು ಪುಡಿಯಾದವು, ಮುಳ್ಳು ಸೊಟ್ಟಗಾದವು, ಹೊಟ್ಟೆ ಒಡೆದು ಸ್ಪ್ರಿಂಗ್ ಹೊರಬಂದವು. ಒಂದೊಂದರ ಕೆಳಗೂ ಒಬ್ಬೊಬ್ಬರ ಹೆಸರು. ನಡುವಿನ ಸಾಲಿನಲ್ಲಿ ಒಂದೇ ಒಂದು ಬದುಕಿರುವ ಗಡಿಯಾರ ಇರಬೇಕಿತ್ತು. ಲೂಯಿ ಪ್ರೆಬಿಲ್ ಎಂಬ ಚೀಟಿ ಇತ್ತು. ಗಡಿಯಾರ ಇರಲಿಲ್ಲ. ಕಪಾಟಿನ ಬೀಗ ಮಾತ್ರ ಹಾಕಿದ ಹಾಗೇ ಇತ್ತು.

"ಕಾರ್ಲಾ!" ಡ್ಯೂಯಿ ಕೂಗಿದ.

ಕಾರ್ಲಾ ಹೌಟಾಲಾ ಆ ಗಣಿ ಊರಿನ ಹಣಕಾಸು ಸಲಹೆಗಾರ್ತಿ. ಬೇರೆ ಸಲಹೆಗಾರರು ತಮ್ಮ ಗ್ರಾಹಕ ನಿವೃತ್ತನಾದರೆ ಹಣ್ಣಿನ ಬುಟ್ಟಿ ಕಳಿಸುತ್ತಾರೆ, ಅಚ್ಚು ಹಾಕಿಸಿದ ಕಾರ್ಡು ಕಳಿಸುತ್ತಾರೆ. ಕಾರ್ಲಾ ಹಾಗಲ್ಲ. ಇಷ್ಟು ವರ್ಷ ನಿನ್ನನ್ನು ಎಬ್ಬಿಸಿದ ಅಲಾರಂ ತಗೊಂಡು ಬಾ ಅನ್ನುತ್ತಾಳೆ. ಹಿಂದಿನ ಅಂಗಳದಲ್ಲಿ ಹಳೆಯ ಗಣಿಯ ಕಮ್ಮಾರಸಾಲೆಯಲ್ಲಿ ಕಬ್ಬಿಣ ಬಡಿಯುತ್ತಿದ್ದ ಅಡಿಗಲ್ಲು ಇದೆ. ಅದರ ಮೇಲೆ ಅಲಾರಂ ಇಟ್ಟು, ನಿವೃತ್ತನಾದವನು ತನ್ನ ಕೈಯಾರೆ ಸುತ್ತಿಗೆಯಿಂದ ಒಡೆಯಬೇಕು. ನೋಡಲು ಅರ್ಧ ಊರು ಬರುತ್ತದೆ. ಮೊದಲ ಸಲ ಬಂದವರು ನಗುತ್ತಾರೆ. ಏಟು ಬಿದ್ದ ಮೇಲೆ ಯಾರೂ ನಗುವುದಿಲ್ಲ. ಗಣಿಯಲ್ಲಿ ಬೆಟ್ಟ ಸಿಡಿಸಿದವರೂ ಆ ಪುಟ್ಟ ಸದ್ದಿಗೆ ಟೋಪಿ ತೆಗೆಯುತ್ತಾರೆ.

ಇವತ್ತು ಗುರುವಾರ. ಮಧ್ಯಾಹ್ನ ಲೂಯಿಯ ಸರದಿ. ಒಡೆಯಲು ಗಡಿಯಾರವೇ ಇಲ್ಲ.

* * *

ಪೊಲೀಸ್ ಸಾರ್ಜೆಂಟ್ ವೆರ್ನಾ ಮಾಕಿ ಬಂದಾಗ ಕಪಾಟಿನ ಮುಂದೆ ಒಬ್ಬ ಕೋಟಿನವನು ಕಾವಲುಗಾರನ ಹಾಗೆ ನಿಂತಿದ್ದ.

"ವಿಟ್ಲಾಕ್," ಎಂದು ಪರಿಚಯ ಹೇಳಿಕೊಂಡ. "ಈ ಕಚೇರಿಯ ಮುಖ್ಯ ಕಂಪನಿಯ ತಪಾಸಣೆ ವಿಭಾಗ. ಸಮಾರಂಭ ನೋಡೋಣ ಅಂತ ಬಂದೆ. ಬಂದಿದ್ದು ಒಳ್ಳೇದೇ ಆಯ್ತು."

"ಏನು ಹೋಗಿದೆ?"

"ಒಂದು ಹಳೇ ಅಲಾರಂ."

"ಬೆಲೆ?"

"ಎರಡು ಡಾಲರೂ ಬಾಳಲ್ಲ."

ವೆರ್ನಾ ಅವನನ್ನೇ ನೋಡಿದಳು. "ಎರಡು ಡಾಲರಿಗೆ ನನ್ನ ಕರೆಸಿದ್ರಾ?"

"ಬೆಲೆ ಮುಖ್ಯ ಅಲ್ಲ ಮೇಡಂ. ಗ್ರಾಹಕರ ಸ್ವತ್ತು. ನಮ್ಮ ಕಚೇರಿಯಿಂದ ಗ್ರಾಹಕರ ಗುಂಡುಸೂಜಿ ಕಳೆದ್ರೂ ಅವತ್ತೇ ವರದಿ ಹೋಗ್ಬೇಕು. ಬೀಗದ ಕೈ ಯಾರ ಜವಾಬ್ದಾರೀನೋ ಅವರ ಹೆಸರು ಹಾಕ್ಬೇಕು."

"ಯಾರ ಜವಾಬ್ದಾರಿ?"

ಡ್ಯೂಯಿ ತಾನೇ ಕೈ ಎತ್ತಿದ.

ಡ್ಯೂಯಿ ಹುಡುಗನಲ್ಲ. ತಲೆ ಅರ್ಧ ನರೆತಿದೆ. ಗಣಿಯವರು ಕೆಲಸದಿಂದ ತೆಗೆದ ಮೇಲೆ ಅಡುಗೆಮನೆಯ ಮೇಜಿನ ಮುಂದೆ ಕೂತು ಓದಿ, ಮೂರು ಸಲ ಫೇಲಾಗಿ, ನಾಲ್ಕನೇ ಸಲ ಪಾಸಾಗಿ ಹಣಕಾಸು ಸಲಹೆಯ ಲೈಸೆನ್ಸ್ ಪಡೆದು ಕಾರ್ಲಾಳ ಬಳಿ ಕೆಲಸಕ್ಕೆ ಸೇರಿದವನು. ಈ ಕಸುಬಿನಲ್ಲಿ ಕಳ್ಳತನದ ಕಳಂಕ ಒಂದು ಸಲ ಅಂಟಿದರೆ ಮುಗಿಯಿತು. ದೇಶದ ಯಾವ ಮೂಲೆಯಲ್ಲೂ ಮತ್ತೆ ಯಾರೂ ಕೆಲಸಕ್ಕೆ ಸೇರಿಸಿಕೊಳ್ಳುವುದಿಲ್ಲ.

"ನಾನು ಮುಟ್ಟಿಲ್ಲ ವೆರ್ನಾ," ಎಂದ. "ಕದಿಯೋದಿದ್ರೆ ಅದನ್ನ ಯಾಕೆ ಕದೀಲಿ? ನಮ್ಮನೇಲೇ ಅಂಥದ್ದು ಮೂರಿವೆ."

"ಬೀಗದ ಕೈ ಎಲ್ಲಿರುತ್ತೆ?"

"ನನ್ನ ಮೇಜಿನ ಹಿಂದೆ, ಮೊಳೆಗೆ."

"ಎಲ್ಲರಿಗೂ ಕಾಣೋ ಹಾಗೆ?"

"ಒಡೆದ ಗಡಿಯಾರ ಯಾರು ಕದೀತಾರೆ ಅಂದ್ಕೊಂಡಿದ್ವಿ," ಎಂದಳು ಕಾರ್ಲಾ.

"ಸಮಾರಂಭ ಮುಗಿದ ಕೂಡ್ಲೇ ನಾನು ವರದಿ ಕಳಿಸ್ಬೇಕು," ಎಂದ ವಿಟ್ಲಾಕ್. ಕಪಾಟಿನ ಮುಂದಿನಿಂದ ಕದಲಲಿಲ್ಲ.

ಪಕ್ಕದ ಕೋಣೆಯಿಂದ ಲೂಯಿಯ ಹೆಂಡತಿ ಫ್ರಾನ್ಸಿಸ್ ಕಾಫಿ ತಂದಳು. ವೆರ್ನಾ ಕಣ್ಣೆತ್ತದೆ ಲೋಟ ತೆಗೆದುಕೊಂಡಳು.

* * *

ಮೊದಲ ಅನುಮಾನ ಮಹಡಿಯ ಮೇಲೆ ವಾಸಿಸುವ ಗಸ್ ಪೆಟ್ರಿಚ್ ಮೇಲೆ. ಹಳೇ ಸಾಮಾನಿನ ವ್ಯಾಪಾರಿ. ಲೂಯಿಯ ಗಡಿಯಾರವನ್ನು ಕೊಡು ಕೊಡು ಎಂದು ಎರಡು ಸಲ ಕೇಳಿದ್ದ. ಬೆಳಿಗ್ಗೆ ಚೀಲ ಹಿಡಿದು ಹಿಂಬಾಗಿಲಿನಿಂದ ಹೋಗಿದ್ದನ್ನು ವಿಟ್ಲಾಕ್ ಕಣ್ಣಾರೆ ನೋಡಿದ್ದ.

"ಚೀಲ ತೋರ್ಸು ಗಸ್."

"ತಗೋ, ನೋಡ್ಕೋ." ಚೀಲ ಬೋರಲು ಹಾಕಿದ. ಒಂದು ಹಿತ್ತಾಳೆ ದೀಪದ ಬುಡ ಉರುಳಿತು. "ಕಾರ್ಲಾನೇ ಕೊಟ್ಟಿದ್ದು. ಕೇಳು ಬೇಕಾದ್ರೆ."

"ಗಡಿಯಾರ ಬೇಕು ಅಂದಿದ್ದೆಯಲ್ಲ?"

"ಬೇಕಿತ್ತು. ಸುತ್ತಿಗೆ ಏಟಿಗೆ ಕೊಡೋದು ಪಾಪ ಅನ್ನಿಸ್ತು. ಹಿಂದೆ ಎರಡು ತಿರುಪು ಇವೆ. ಒಂದು ಓಡೋದಕ್ಕೆ, ಒಂದು ಕೂಗೋದಕ್ಕೆ. ಎರಡೂ ಒಂದೇ ಥರ ಸವೆದುಹೋಗಿವೆ. ಯಾವುದು ಯಾವುದಕ್ಕೆ ಅಂತ ನನಗೇ ತಿಳೀಲಿಲ್ಲ. ಅಷ್ಟು ತಿರುಗಿಸಿದ ಕೈ ಯಾವುದೋ ಅಂತ ನೋಡ್ತಾ ನಿಂತುಬಿಟ್ಟೆ." ಗಸ್ ದೀಪವನ್ನು ಚೀಲಕ್ಕೆ ತುಂಬಿದ. "ಆದ್ರೆ ಲೂಯಿ ಸುಳ್ಳ ಕಣೆ. ಬೆಳಗಿನ ಜಾವ ಕಿರುಚಿ ನಿನ್ನ ಮಂಚದಿಂದ ಕೆಡವುತ್ತೆ ಅಂದಿದ್ದ. ಕಿವಿಗೆ ಹತ್ತಿ ಇಟ್ಕೊಂಡು ಮಲಗಿದ್ದೇ ಬಂತು. ಒಂದು ದಿನಾನಾದ್ರೂ ಕೂಗ್ಬೇಕಲ್ಲ?"

"ಕೂಗಲೇ ಇಲ್ವಾ?"

"ಇಲ್ಲ. ಟಿಕ್‌ಟಿಕ್ ಮಾತ್ರ. ಅದು ನೆಲದಿಂದ ಮೇಲಕ್ಕೆ ಬರ್ತಿತ್ತು."

ವೆರ್ನಾ ಮೆಟ್ಟಿಲ ಮೇಲೇ ನಿಂತಳು. "ಗಸ್, ಒಂದು ಸಲ ಕೀ ಕೊಟ್ರೆ ಅದು ಎಷ್ಟು ಹೊತ್ತು ಓಡುತ್ತೆ?"

"ಒಂದು ದಿನ. ಹೆಚ್ಚಂದ್ರೆ ಇನ್ನೊಂದು ಸ್ವಲ್ಪ."

ಲೂಯಿ ಗಡಿಯಾರ ತಂದುಕೊಟ್ಟಿದ್ದು ಸೋಮವಾರ.

* * *

ಅಂಗಳದಲ್ಲಿ ಜನ ಸೇರುತ್ತಿದ್ದರು. ಲೂಯಿ ಪ್ರೆಬಿಲ್ ಹೊಸ ಶರ್ಟು ಹಾಕಿಕೊಂಡು ಅಡಿಗಲ್ಲಿನ ಪಕ್ಕ ನಿಂತಿದ್ದ. ಗಣಿಯಲ್ಲಿ ಅದಿರಿನ ರೈಲು ಓಡಿಸಿದವನು. ಬುಧವಾರ ರಾತ್ರಿಯವರೆಗೂ ಕೆಲಸದಲ್ಲಿದ್ದ. ಸ್ನೇಹಿತರು ಸುತ್ತ ನಿಂತು ಕಾಲೆಳೆಯುತ್ತಿದ್ದರು.

"ಸೇಡಿಗೆ ಹೆದರಿ ಓಡಿಹೋಗಿದೆ ಬಿಡೋ ಲೂಯಿ!"

"ಇವನ ಮುಖ ಇನ್ನು ದಿನಾ ಮನೇಲೇ ಇರುತ್ತೆ ಅಂತ ಗೊತ್ತಾಯ್ತೇನೋ ಅದಕ್ಕೆ!"

ವೆರ್ನಾ ಅವನನ್ನು ಪಕ್ಕಕ್ಕೆ ಕರೆದಳು. "ಲೂಯಿ, ನಡುವೆ ಬಂದು ಗಡಿಯಾರಕ್ಕೆ ಕೀ ಕೊಟ್ಟಿದ್ಯಾ?"

"ಕೀ?" ಲೂಯಿ ಹುಬ್ಬು ಗಂಟಿಕ್ಕಿದ. "ಅದಕ್ಕೆ ಎಂಥ ಕೀ? ಅದು ತಾನೇ ಓಡುತ್ತೆ."

"ತಾನೇ?"

"ಮದುವೆಯಾದಾಗಿಂದ ಒಂದು ದಿನಾನೂ ನಿಂತಿಲ್ಲ. ಬ್ಯಾಟರಿ ಕೂಡ ಹಾಕಿಲ್ಲ ನಾನು. ಚಳಿಗಾಲದಲ್ಲಿ ಊರಿಗೇ ಕರೆಂಟು ಹೋದಾಗಲೂ ಓಡ್ತಿತ್ತು. ಆಗಿನ ಕಾಲದ ಮಾಲು!"

ಸ್ನೇಹಿತರು ಬೆರಗಿನಿಂದ ತಲೆಯಾಡಿಸಿದರು. ಕಾರ್ಲಾಳ ಕಣ್ಣು ಅರಳಿತು. "ಇದನ್ನ ನಾನು ಭಾಷಣದಲ್ಲೂ ಹೇಳೋಳಿದ್ದೆ. ಒಂದು ದಿನಾನೂ ನಿಲ್ಲದ ಯಂತ್ರ! ಯೋಚನೆ ಮಾಡಿ!"

ವೆರ್ನಾ ಯೋಚನೆ ಮಾಡಿದಳು. ಒಂದು ದಿನವೂ ನಿಂತಿಲ್ಲ. ಅಂದರೆ ಒಂದು ರಾತ್ರಿಯೂ ಮರೆತಿಲ್ಲ. ಜ್ವರ ಬಂದಾಗ, ಹೆರಿಗೆಯಾದಾಗ, ಮನೆಯಲ್ಲಿ ಹೆಣ ಇದ್ದಾಗಲೂ.

"ಕಾರ್ಲಾ, ಸೋಮವಾರದಿಂದ ದಿನಾ ಇಲ್ಲಿಗೆ ಬಂದೋರು ಯಾರು?"

"ದಿನಾ ಅಂದ್ರೆ... ಯಾರೂ ಇಲ್ಲ."

"ಈ ಮೇಜುಬಟ್ಟೆ, ತಟ್ಟೆ, ತಿಂಡಿ ಡಬ್ಬಿ ಎಲ್ಲ ತಾವೇ ನಡ್ಕೊಂಡು ಬಂದ್ವಾ?"

"ಓ, ಅದಾ? ಅದು ಫ್ರಾನ್ಸಿಸ್ ತಂದ್ಲು. ಒಂದೊಂದು ದಿನ ಒಂದೊಂದು." ಇಷ್ಟು ಹೇಳಿ ಕಾರ್ಲಾ ಬಾಯಿ ಮುಚ್ಚಿಕೊಂಡಳು.

* * *

ಫ್ರಾನ್ಸಿಸ್ ಅಂಗಳದ ಮೇಜಿನ ಬಳಿ ಆಕ್ರೋಟು ತುಂಬಿದ ಪೊಟಿತ್ಸಾ ಎಂಬ ಸಿಹಿ ರೊಟ್ಟಿ ಹೆಚ್ಚುತ್ತಿದ್ದಳು. ಗಿಡ್ಡ ಹೆಂಗಸು. ಬೂದು ಸ್ವೆಟರ್. ಪಕ್ಕದಲ್ಲಿ ಮುಚ್ಚಳ ಹಾಕಿದ ಇನ್ನೊಂದು ತಗಡಿನ ಡಬ್ಬಿ.

"ನಾನು ಹೇಳಿಬಿಡ್ತೀನಿ," ಎಂದಳು ವೆರ್ನಾ, ಎಲ್ಲರಿಗೂ ಕೇಳುವ ಹಾಗೆ. "ಕದ್ದವರು ಹೊರಗಿನೋರಲ್ಲ. ಕೀ ಕೊಡದಿದ್ರೆ ಆ ಗಡಿಯಾರ ಮಂಗಳವಾರವೇ ನಿಲ್ಲಬೇಕಿತ್ತು. ಇವತ್ತು ಬೆಳಿಗ್ಗೆಯೂ ಓಡ್ತಿತ್ತು. ಡ್ಯೂಯಿ ಕೇಳಿದಾನೆ. ಯಾರೋ ದಿನಾ ಕಪಾಟು ತೆಗೆದು ಕೀ ಕೊಡ್ತಿದ್ರು. ಅದೂ ಒಂದೇ ತಿರುಪಿಗೆ. ಓಡೋದಕ್ಕೆ ಕೊಟ್ರು, ಕೂಗೋದಕ್ಕೆ ಕೊಡ್ಲಿಲ್ಲ. ಗಸ್ ಕಣ್ಣಿಗೇ ಎರಡೂ ಒಂದೇ ಥರ ಕಂಡಿವೆ. ಅವುಗಳ ವ್ಯತ್ಯಾಸ ಗೊತ್ತಿರೋ ಕೈ ಒಂದೇ. ನಾವು ಯಾರು ಬಂದ್ರು ಅಂತ ಕೇಳ್ತಾ ಇದ್ವಿ. ಆ ಕೈಯಿಂದಲೇ ಕಾಫಿ ಕುಡೀತಾ ಇದ್ವಿ."

ಫ್ರಾನ್ಸಿಸ್ ಚಾಕು ಕೆಳಗಿಟ್ಟಳು. ತಗಡಿನ ಡಬ್ಬಿಯ ಮುಚ್ಚಳ ತೆಗೆದಳು. ಬಟ್ಟೆಯ ಮಡಿಕೆಯೊಳಗೆ ಗಡಿಯಾರ. ಟಿಕ್‌ಟಿಕ್ ಎನ್ನುತ್ತಿತ್ತು.

"ಡ್ಯೂಯಿ, ನಿನ್ನ ತಲೆ ಮೇಲೆ ಬರುತ್ತೆ ಅಂತ ನನಗೆ ಗೊತ್ತಿರ್ಲಿಲ್ಲ ಕಣಪ್ಪ," ಎಂದಳು. "ಗೊತ್ತಾದ ಮೇಲೆ ವಾಪಸ್ ಇಡೋಕೆ ನೋಡ್ದೆ. ಈ ಪುಣ್ಯಾತ್ಮ ಕಪಾಟಿನ ಮುಂದಿಂದ ಕದಲಿದ್ರೆ ತಾನೇ!"

ವಿಟ್ಲಾಕ್ ಕೆಂಪಗಾದ.

"ಫ್ರಾನ್ಸಿ, ಕೂಗೋದಕ್ಕೆ ಯಾಕೆ ಕೊಡ್ಲಿಲ್ಲ?" ಲೂಯಿ ಕೇಳಿದ. ಅವನಿಗೆ ಅದೊಂದೇ ಹೊಳೆದದ್ದು.

"ಖಾಲಿ ಕಚೇರೀಲಿ ಯಾರನ್ನ ಎಬ್ಬಿಸ್ಲಿ?"

"ದಿನಾ ನೀನು ಕೀ ಕೊಡ್ತಿದ್ದೆಯಾ? ಮನೇಲೂ?"

"ಮತ್ತೆ? ದೇವದೂತರು ಬಂದು ಕೊಡ್ತಿದ್ರಾ?"

ಯಾರೋ ನಕ್ಕರು. ಉಳಿದವರು ನಗಲಿಲ್ಲ.

"ಆದ್ರೂ ನನ್ನನ್ನ ಎಬ್ಬಿಸ್ತಿದ್ದದ್ದು ಇದೇ ತಾನೇ," ಎಂದ ಲೂಯಿ. "ಅದಕ್ಕೇ ಒಡೆಯೋಣ ಅಂತ ತಂದಿದ್ದು."

"ಅದು ಯಾವತ್ತು ನಿನ್ನ ಎಬ್ಬಿಸ್ತು ಲೂಯಿ? ನೀನು ಡೈನಮೈಟ್ ಸಿಡಿದ್ರೂ ಏಳೋನಲ್ಲ. ಅದು ನನ್ನ ಎಬ್ಬಿಸ್ತು. ನಾನು ನಿನ್ನ ಎಬ್ಬಿಸ್ದೆ."

ದೊಡ್ಡ ದೊಡ್ಡ ಗಂಡಸರು ನೆಲ ನೋಡುತ್ತ ನಿಂತರು. ಒಬ್ಬೊಬ್ಬನೂ ತನ್ನ ಮನೆಯ ಕತ್ತಲೆಯ ಬೆಳಗುಗಳನ್ನು ನೆನೆಸಿಕೊಳ್ಳುತ್ತಿದ್ದ. ತುಂಬಿದ ಊಟದ ಡಬ್ಬಿ, ಬಿಸಿಯಾದ ಬೂಟು, ಬಾಗಿಲ ಬಳಿ ಹಚ್ಚಿದ ದೀಪ. ಅವೆಲ್ಲ ತಾವೇ ಓಡುತ್ತಿದ್ದವು ಎಂದುಕೊಂಡಿದ್ದರು. ಕಾರ್ಲಾ ಕೈಯಲ್ಲಿದ್ದ ಭಾಷಣದ ಹಾಳೆಯನ್ನು ಮಡಿಸಿದಳು. ಈ ಮನೆಯ ನಿವೃತ್ತಿಯ ಲೆಕ್ಕ ಹಾಕಲು ಅವಳು ವರ್ಷಗಟ್ಟಲೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡಿದ್ದಳು. ಮುಂದೆ ಏನು ಮಾಡ್ತೀರಿ ಎಂದು ಲೂಯಿಯನ್ನು ಕೇಳಿದ್ದಳು. ಫ್ರಾನ್ಸಿಸಳನ್ನು ಸಕ್ಕರೆ ಎಷ್ಟು ಎಂದು ಕೇಳಿದ್ದಳು.

ವಿಟ್ಲಾಕ್ ಫೋನು ಹೊರತೆಗೆದ. "ಆದರೂ ಇದು ಗ್ರಾಹಕರ ಸ್ವತ್ತು. ತೆಗೆದಿದ್ದು ತೆಗೆದಿದ್ದೇ."

"ಗಡಿಯಾರ ಕೊಂಡಿದ್ದು ಯಾರು?" ವೆರ್ನಾ ಕೇಳಿದಳು.

"ನಾನು," ಎಂದಳು ಫ್ರಾನ್ಸಿಸ್. "ಮದುವೆಗೆ ಮುಂಚೆ, ಬೇಕರಿ ಕೆಲಸಕ್ಕೆ ಹೋಗೋವಾಗ."

"ಹಾಗಾದ್ರೆ ಸ್ವತ್ತಿನವರೇ ತಮ್ಮ ಸ್ವತ್ತು ತಗೊಂಡಿದಾರೆ. ವರದೀಲಿ ಏನು ಬರೀತೀರಿ ವಿಟ್ಲಾಕ್ ಅವರೇ?"

"ವರದಿ ಮಾಡೋಕೆ ಏನೂ ಇಲ್ಲ," ಎಂದು ವಿಟ್ಲಾಕ್ ಫೋನನ್ನು ಜೇಬಿಗೆ ಹಾಕಿಕೊಂಡ. ಡ್ಯೂಯಿ ಗೋಡೆಗೆ ಒರಗಿ ಕಣ್ಣು ಮುಚ್ಚಿದ.

ವೆರ್ನಾ ಧ್ವನಿ ತಗ್ಗಿಸಿದಳು. "ಒಡೆಯೋದನ್ನ ನೋಡಕ್ಕಾಗಲ್ಲ ಅಂತ ತಗೊಂಡ್ರಿ, ಅಲ್ವಾ? ಮನೆಗೆ ತಗೊಂಡು ಹೋಗಿ. ಯಾರೂ ಏನೂ ಅನ್ನಲ್ಲ."

"ಹಾಗಂತ ಯಾರು ಹೇಳಿದ್ದು?"

"ಮತ್ತೆ ದಿನಾ ಬಂದು ಕೀ ಕೊಟ್ರಲ್ಲ?"

"ನಿಂತುಹೋಗಿರೋದನ್ನ ಒಡೆದು ಏನು ಪ್ರಯೋಜನ? ಓಡ್ತಾ ಇರೋವಾಗಲೇ ಒಡೀಬೇಕು." ಫ್ರಾನ್ಸಿಸ್ ಗಡಿಯಾರ ಎತ್ತಿಕೊಂಡಳು. "ಮನೆಗೆ ಹೋಗಿ, ಬಾಗಿಲು ಹಾಕ್ಕೊಂಡು, ಲಟ್ಟಣಿಗೇಲಿ ಒಡೆಯೋಣ ಅಂತಿದ್ದೆ. ಇಲ್ಲಿ ಸುತ್ತಿಗೆ ನನ್ನ ಕೈಗೆ ಯಾರು ಕೊಡ್ತಿದ್ರು?"

ಇಷ್ಟು ಹೊತ್ತು ಕಳ್ಳನನ್ನು ಸರಿಯಾಗಿ ಹಿಡಿದೆ ಎಂದುಕೊಂಡಿದ್ದ ವೆರ್ನಾ ಹಿಂದೆ ಸರಿದು ಅಡಿಗಲ್ಲಿಗೆ ದಾರಿ ಬಿಟ್ಟಳು.

ಲೂಯಿ ಸುತ್ತಿಗೆಯನ್ನು ನೋಡಿದ. ಹೆಂಡತಿಯನ್ನು ನೋಡಿದ. ಹಿಡಿಯ ಕಡೆಯನ್ನು ಅವಳತ್ತ ತಿರುಗಿಸಿ ಚಾಚಿದ.

"ಭಾರ ಇದೆ, ಹುಷಾರು," ಎಂದ.

"ಗೊತ್ತು, ನೀನು ಪಕ್ಕಕ್ಕೆ ಸರಿ."

ಗಡಿಯಾರ ಅಡಿಗಲ್ಲಿನ ಮೇಲೆ ಟಿಕ್‌ಟಿಕ್ ಎನ್ನುತ್ತಿತ್ತು. ಫ್ರಾನ್ಸಿಸ್ ಸ್ವೆಟರಿನ ತೋಳು ಮೇಲೆ ಸರಿಸಿದಳು. ಎರಡೂ ಕೈಯಲ್ಲಿ ಎತ್ತಿ, ಉಸಿರು ಬಿಗಿಹಿಡಿದು, ಒಂದೇ ಏಟು ಹಾಕಿದಳು. ಗಾಜು ಹಾರಿತು. ಸ್ಪ್ರಿಂಗ್ ಹಾವಿನ ಹಾಗೆ ನೆಗೆದು ವಿಟ್ಲಾಕ್‌ನ ಬೂಟಿನ ಬಳಿ ಬಿತ್ತು. ಗಂಟೆಯ ಬಟ್ಟಲು ಉರುಳುತ್ತ, ಮೊಳಗುತ್ತ ಹೋಗಿ ಬೇಲಿಗೆ ತಾಗಿ ನಿಂತಿತು. ಆ ಮೊಳಗು ಪೂರ್ತಿ ಆರುವವರೆಗೂ ಅಂಗಳದಲ್ಲಿ ಯಾರೂ ಕೆಮ್ಮಲಿಲ್ಲ.

ಫ್ರಾನ್ಸಿಸ್ ಸುತ್ತಿಗೆ ಕೆಳಗಿಟ್ಟಳು. ಸುತ್ತ ನೋಡಿದಳು. ಲೂಯಿಗಾಗಿ ಇಟ್ಟಿದ್ದ ಕೈಯಿರುವ ಕುರ್ಚಿಗೆ ಹೋಗಿ ಕೂತು, ಕಾಲು ಚಾಚಿದಳು.

"ಕಾಫಿ ಯಾರಾದ್ರೂ ತನ್ನಿ," ಎಂದಳು.

ಏಳೆಂಟು ಗಂಡಸರು ಒಟ್ಟಿಗೇ ಬಾಗಿಲಿಗೆ ನುಗ್ಗಿದರು.