ಏಳನೆಯ ಎಚ್ಚರಿಕೆ

ಅಕ್ತರ್ ಸಾಹೇಬರು ಹಲಸೂರಿನ ಮನೆಗೆ ಬಂದಾಗ ಶಾಂತಕುಮಾರಿಯವರು ಅವರೆಕಾಯಿ ಸುಲಿಯುತ್ತಿದ್ದರು. ಪೊಲೀಸ್ ಇಲಾಖೆಯಲ್ಲಿ ಇಪ್ಪತ್ತೆಂಟು ವರ್ಷ ನಕಲಿ ದಾಖಲೆಗಳನ್ನು ಪತ್ತೆಹಚ್ಚಿ ನಿವೃತ್ತರಾದವರು ಆಕೆ. ಅವರ ಮಹಡಿಯ ಬಾಡಿಗೆದಾರನಾದ ನಾನು, ಭೀಮೇಶ್, ಒಂದು ಕಾಲದ ಟೈಪಿಂಗ್ ಮೇಷ್ಟ್ರು. ಅವರು ಎಲ್ಲಿಗೆ ಹೊರಟರೂ ಚೀಲ ಹಿಡಿದು ಹಿಂದೆ ಹೋಗುವುದು ನನಗೆ ರೂಢಿಯಾಗಿತ್ತು.

"ಅಮ್ಮಾ, ನಾನು ಒಬ್ರ ಕಣ್ಣು ತೆಗೆದೆ ಅಂತಾವ್ರೆ," ಎಂದು ಅಕ್ತರ್ ಕುರ್ಚಿಯ ಅಂಚಿನಲ್ಲಿ ಕೂತರು.

ಶಿವಾಜಿನಗರದ ಒಂದು ಔಷಧಿ ಸಗಟು ಅಂಗಡಿಯಲ್ಲಿ ಅವರು ಇಪ್ಪತ್ತಾರು ವರ್ಷದಿಂದ ಗುಮಾಸ್ತರು. ಅಲ್ಲಿಂದ ಹೋದ ಕಣ್ಣಿನ ಹನಿಗಳನ್ನು ಕೆ.ಆರ್. ಪುರದ ಶಿಬಿರದಲ್ಲಿ ಆಪರೇಷನ್ ಆದವರಿಗೆ ಹಾಕಿದ್ದರು. ನಾಲ್ವರ ಕಣ್ಣು ಕೀವುಗಟ್ಟಿತು, ಒಬ್ಬ ಹೆಂಗಸಿನ ದೃಷ್ಟಿಯೇ ಹೋಯಿತು. ಹನಿಯ ಅವಧಿ ಮುಗಿದು ಎಂಟು ತಿಂಗಳಾಗಿತ್ತು. ಕಂಪ್ಯೂಟರ್ ಎಚ್ಚರಿಸಿದರೂ ಅಕ್ತರ್ ಹೆಸರಿನಲ್ಲೇ 'ಕಳಿಸು' ಎಂದು ಒತ್ತಲಾಗಿತ್ತು. ಮಾಲೀಕ ಶ್ರೀನಾಥ್ ಅಂದೇ ಅಕ್ತರ್ ಅವರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ್ದರು.

ಮೊದಲು ನಾವು ಆಸ್ಪತ್ರೆಗೆ ಹೋದೆವು. ರಸೆಲ್ ಮಾರ್ಕೆಟ್ಟಿನಲ್ಲಿ ಸೊಪ್ಪು ಮಾರುತ್ತಿದ್ದ ವೆಂಕಟಮ್ಮನ ಕಣ್ಣಿನ ಪಟ್ಟಿಯನ್ನು ನರ್ಸು ಬಿಚ್ಚುತ್ತಿದ್ದಳು. ಆ ವಾಸನೆಗೆ ನಾನು ಮುಖ ತಿರುಗಿಸಿದೆ. ಶಾಂತಕುಮಾರಿ ತಿರುಗಿಸಲಿಲ್ಲ.

"ಮಸುಕಾಗಿ ಕಾಣ್ತಿತ್ತು ಅಂತ ಆಪರೇಸನ್ ಮಾಡಿಸ್ಕೊಂಡೆ ಕಣವ್ವ," ಎಂದಳು ವೆಂಕಟಮ್ಮ. "ಈಗ ಆ ಮಸುಕೂ ಇಲ್ಲ."

ಅಂಗಡಿಯಲ್ಲಿ ಶ್ರೀನಾಥ್, ಗೋದಾಮು ನೋಡಿಕೊಳ್ಳುವ ಅವರ ತಂಗಿ ಹಂಸ ಮತ್ತು ಸಾಫ್ಟ್‌ವೇರ್ ಗುತ್ತಿಗೆಯ ನರೇಶ್ ಇದ್ದರು. ಅಕ್ತರ್ ಪಳಗಿದ್ದ ಹಳೆಯ ಪ್ರೋಗ್ರಾಂ ಕಪ್ಪು ಪರದೆಯ ಮೇಲೆ ಹಸಿರು ಅಕ್ಷರಗಳದ್ದು. ನಾಲ್ಕು ತಿಂಗಳ ಹಿಂದೆ ನರೇಶ್ ಅದಕ್ಕೆ ಬಣ್ಣದ ಬಟನ್ನುಗಳ ಹೊಸ ಪರದೆ ತೊಡಿಸಿದ್ದ.

"ಒಳಗೆ ಓಡೋದು ಹಳೇದೇ ಮೇಡಂ," ಎಂದ ನರೇಶ್ ಹೆಮ್ಮೆಯಿಂದ. "ಯಾರು ಕ್ಲಿಕ್ ಮಾಡಿದ್ರೂ ನಮ್ ಸ್ಕ್ರೀನು ಅಕ್ತರ್ ಸಾರ್ ಪಾಸ್‌ವರ್ಡಲ್ಲೇ ಒಳಗೆ ಹೋಗಿ ಟೈಪ್ ಮಾಡುತ್ತೆ. ಹಳೇ ಪ್ರೋಗ್ರಾಂ ಮಾತೆತ್ತಿದ್ರೆ ಪ್ರಶ್ನೆ ಕೇಳುತ್ತೆ. ಮುಖ್ಯವಾದ ಎಚ್ಚರಿಕೆಗಳ ಲಿಸ್ಟ್ ಕೊಟ್ಟಿದ್ರು, ಅವನ್ನ ಮಾತ್ರ ತೋರಿಸ್ತೀವಿ. ಉಳಿದಿದ್ದಕ್ಕೆಲ್ಲ ತಾನೇ 'ವೈ', ಅಂದ್ರೆ 'ಹೌದು' ಅಂತ ಒತ್ಕೊಂಡು ಮುಂದೆ ಹೋಗುತ್ತೆ."

"ಇದು ನಿಮಗೆಲ್ಲ ಗೊತ್ತಿತ್ತಾ?" ಎಂದರು ಶಾಂತಕುಮಾರಿ.

"ಹೊಸ ಸ್ಕ್ರೀನ್ ಹಾಕಿದ ವಾರ ನಾನು ಚೆನ್ನೈಯಲ್ಲಿದ್ದೆ," ಎಂದರು ಶ್ರೀನಾಥ್. "ಹಂಸಾನೇ ಎಲ್ಲ ನೋಡ್ಕೊಂಡಿದ್ದು."

"ಕಂಪ್ಯೂಟರ್ ವಿಷಯ ನಂಗೇನು ತಿಳಿಯುತ್ತೆ," ಎಂದು ಹಂಸ ಫೋನು ಕೆಳಗಿಟ್ಟರು. "ಸ್ಟಿಕ್ಕರ್ ಅಂಟಿಸೋದು, ಡಬ್ಬ ಎಣಿಸೋದು ನನ್ ಕೆಲಸ."

ಶಾಂತಕುಮಾರಿ ಎರಡು ದಿನ ಅಲ್ಲೇ ಕೂತು ಹಳೆಯ ಪ್ರೋಗ್ರಾಂ ಬರೆದಿಡುವ ದಿನಚರಿಯನ್ನು ಮುದ್ರಿಸಿಕೊಂಡು ಓದಿದರು. ಗೋದಾಮಿಗೂ ಹೋಗಿಬಂದರು. ಧೂಳು ಹಿಡಿದ ಹಳೆಯ ಡಬ್ಬಗಳನ್ನು ಹೊಸವುಗಳ ಮುಂದೆ, ಮೊದಲು ಕೈಗೆ ಸಿಗುವ ಹಾಗೆ ಜೋಡಿಸಿದ್ದರು. ಹೊರಬಂದವರು ನಲ್ಲಿಯಡಿ ಬಹಳ ಹೊತ್ತು ಕೈ ತೊಳೆದರು.

ಮೂರನೆಯ ದಿನ ಮಧ್ಯಾಹ್ನ ಅಕ್ತರ್ ಅವರನ್ನೂ ಸೇರಿಸಿ ಎಲ್ಲರನ್ನೂ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೂರಿಸಿದರು.

"ಹಳೇ ಪ್ರೋಗ್ರಾಂ ಪ್ರಶ್ನೆ ಕೇಳಿದ ಸೆಕೆಂಡನ್ನೂ ಉತ್ತರ ಬಂದ ಸೆಕೆಂಡನ್ನೂ ಬರೆದಿಡುತ್ತೆ," ಎಂದು ಶುರುಮಾಡಿದರು. "ಅವಧಿ ಮುಗಿದಿದೆ, ಕಳಿಸಬೇಕೇ ಅಂತ ಕೇಳಿದಾಗೆಲ್ಲ ಅಕ್ತರ್ ಐದಾರು ಸೆಕೆಂಡ್ ತಗೊಂಡು, ಬೇಡ ಅಂತ ಒತ್ತಿದಾರೆ. ಇಷ್ಟು ವರ್ಷದಲ್ಲಿ ಒಂದ್ಸಲಾನೂ ತಪ್ಪಿಲ್ಲ. ಹೊಸ ಪರದೆ ಬಂದ ಮೇಲೆ ಅರವತ್ತೊಂದು ಸಲ 'ಹೌದು'. ಅರವತ್ತೊಂದೂ ಪ್ರಶ್ನೆ ಬಂದ ಅದೇ ಸೆಕೆಂಡಲ್ಲಿ. ಅದರಲ್ಲಿ ಒಂಬತ್ತು, ಶುಕ್ರವಾರ ಅಕ್ತರ್ ನಮಾಜಿಗೆ ಹೋಗಿದ್ದಾಗ. ಒತ್ತಿದ್ದು ಮನುಷ್ಯನ ಬೆರಳಲ್ಲ, ಹೊಸ ಪರದೆ."

ನರೇಶ್ ಎದ್ದು ನಿಂತ. "ಆ ಎಚ್ಚರಿಕೆ ಲಿಸ್ಟಲ್ಲೇ ಇರ್ಲಿಲ್ಲ ಮೇಡಂ!"

"ನಾನೇ ಬರೆದಿದ್ದೆ," ಎಂದರು ಅಕ್ತರ್. "ಏಳನೇದು ಅದೇ."

ಶಾಂತಕುಮಾರಿ ಎರಡು ಹಾಳೆಗಳನ್ನು ಮೇಜಿನ ಮೇಲಿಟ್ಟರು. ಒಂದು ಅಕ್ತರ್ ಕೈಬರಹದ ಮೂಲ ಪಟ್ಟಿ, ಅವರ ಡ್ರಾಯರಿನಲ್ಲಿ ಸಿಕ್ಕಿದ್ದು. ಇನ್ನೊಂದು ನರೇಶನಿಗೆ ವಾಟ್ಸಾಪಿನಲ್ಲಿ ಬಂದಿದ್ದ ಫೋಟೋದ ಪ್ರತಿ. ಅದರಲ್ಲಿ ಆರಾದ ಮೇಲೆ ಎಂಟು.

"ನರೇಶ್, ನಂಬರ್ ತಪ್ಪಿದ್ದನ್ನೂ ನೋಡದಷ್ಟು ಅಸಡ್ಡೆ ನಿಮ್ಮದು. ಆದರೆ ಬಚ್ಚಿಟ್ಟವರು ನೀವಲ್ಲ. ಫೋಟೋ ದೊಡ್ಡದು ಮಾಡಿ ನೋಡಿ. ಏಳನೇ ಸಾಲಿನ ಮೇಲೆ ಬಿಳಿ ಪಟ್ಟಿ ಅಂಟಿಸಿ ಫೋಟೋ ತೆಗೆದು, ಆಮೇಲೆ ಕಿತ್ತಿದಾರೆ. ಎರಡೂ ತುದಿ ದುಂಡಗಿದೆ. ಗೋದಾಮಿನ ಡಬ್ಬಗಳಿಗೆ ಹಾಕೋ ಸ್ಟಿಕ್ಕರ್ ಅದು. ಈ ಫೋಟೋ ಯಾರ ಫೋನಿಂದ ಬಂತು?"

ನರೇಶ್ ಹಂಸ ಅವರ ಕಡೆ ನೋಡಿದ. "ಉಳಿದಿದ್ದಕ್ಕೆ ತಾನೇ 'ವೈ' ಒತ್ತುತ್ತಾ ಅಂತ ನೀವು ಎರಡೆರಡು ಸಲ ಕೇಳಿದ್ರಲ್ಲ ಮೇಡಂ..."

"ಹಂಸ, ಆ ಹನಿ ಡಬ್ಬಗಳನ್ನ ಅವಧಿ ಮುಗಿಯೋ ಮುಂಚೆ ಕಂಪನಿಗೆ ವಾಪಸ್ ಕಳಿಸಬೇಕಿತ್ತು," ಎಂದರು ಶಾಂತಕುಮಾರಿ. "ಮರೆತ್ರಿ. ಅಣ್ಣನಿಗೆ ಗೊತ್ತಾಗಬಾರದು ಅಂತ ಹಳೇ ಡಬ್ಬ ಮುಂದೆ ಜೋಡಿಸಿದ್ರಿ. ಆದ್ರೆ ಅಕ್ತರ್ ದಿನಾ ತಡೀತಿದ್ರು. ಹೊಸ ಪರದೆ ನಿಮಗೆ ದಾರಿ ಮಾಡ್ಕೊಟ್ಟಿತು."

ಹಂಸ ಸೆರಗು ಸರಿಮಾಡಿಕೊಂಡರು. "ಎರಡು ಹನಿ ನೀರಿಂದ ಕಣ್ಣು ಹೋಗುತ್ತೆ ಅಂತ ಯಾರಿಗೆ ಗೊತ್ತಿತ್ತು? ಆ ಸೊಪ್ಪಿನೋಳು ಕೊಳಕು ಕೈಯಲ್ಲಿ ಉಜ್ಕೊಂಡಿರ್ತಾಳೆ."

ಶ್ರೀನಾಥ್ ತಂಗಿಯನ್ನು ಬೈಯುತ್ತಾರೆ ಎಂದುಕೊಂಡೆ. ಅವರು ಎದ್ದು ಬಾಗಿಲು ಮುಚ್ಚಿ, ದನಿ ತಗ್ಗಿಸಿ ಹೇಳಿದರು: "ಮೇಡಂ, ಇದು ಈ ರೂಮಲ್ಲೇ ಮುಗೀಲಿ. ಅಕ್ತರ್, ನಾಳೆಯಿಂದ ನೀವು ಕೆಲಸಕ್ಕೆ ಬಂದ್ಬಿಡಿ."

"ಥೂ," ಎಂದರು ಶಾಂತಕುಮಾರಿ. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. "ಹಾಳೆಗಳ ಪ್ರತಿ ಬೆಳಗ್ಗೇನೇ ಪೊಲೀಸರಿಗೂ ಔಷಧಿ ಇನ್‌ಸ್ಪೆಕ್ಟರಿಗೂ ಕೊಟ್ಟಾಗಿದೆ. ಹೊರಗೆ ನಿಂತಿರೋ ಜೀಪು ಅವರದೇ."

ಇನ್‌ಸ್ಪೆಕ್ಟರು ಗೋದಾಮಿಗೆ ಬೀಗಮುದ್ರೆ ಹಾಕುತ್ತಿದ್ದಾಗ ಅಕ್ತರ್ ಎಲ್ಲೂ ಕಾಣಲಿಲ್ಲ. ಹೊರಟುಹೋದರೆಂದೇ ಭಾವಿಸಿದೆ. ನೋಡಿದರೆ ಅವರು ಕೌಂಟರಿನಲ್ಲಿದ್ದರು. ಅರವತ್ತೊಂದು ಸರಕು ಹೋದ ವಿಳಾಸಗಳ ಪಟ್ಟಿ ಮುಂದಿತ್ತು, ಫೋನು ಕಿವಿಗಿತ್ತು.

"ಇನ್ನು ಇಲ್ಲಿ ಕೆಲಸ ಮಾಡ್ತೀರಾ?" ಎಂದು ಕೇಳಿದೆ.

"ಇಲ್ಲಾ ಮೇಷ್ಟ್ರೇ," ಎಂದು ತಲೆಯಾಡಿಸಿದರು. ಅಷ್ಟರಲ್ಲಿ ಆ ಕಡೆ ಯಾರೋ ಫೋನೆತ್ತಿದರು.

"ಹಲೋ, ಮಾರತ್ತಹಳ್ಳಿ ಕ್ಲಿನಿಕ್ಕಾ? ನಮ್ ಕಡೆಯಿಂದ ಬಂದಿರೋ ಕಣ್ಣಿನ ಹನಿ ಯಾರಿಗೂ ಹಾಕ್ಬೇಡಿ. ಹಾಕಿದ್ರೆ ಅವರ ಹೆಸರು ಹೇಳಿ, ಬರ್ಕೊಳ್ತೀನಿ."