ಋಷಿಕೊಂಡದ ಸುಳ್ಳು ಮಳೆ

"ಆ ಮಳಿ ನಾ ಬರಿಸಿಲ್ರಿ ಮೇಡಂ. ಆಫೀಸಿನ್ಯಾಗ ಯಾರೂ ನಂಬವಲ್ರು."

ಬಾಗಿಲಲ್ಲಿ ನಿಂತಿದ್ದ ಕಿರಣ್‌ನ ಬೂಟಿಗೆ ಚರಂಡಿಯ ಕೆಸರು ಮೆತ್ತಿತ್ತು. ಕಮಲಾಕ್ಷಿ ಅವನನ್ನು ಒಳಗೆ ಕರೆದು ಕೂರಿಸಿದರು. ಮೈಸೂರಿನ ಹೆಣ್ಣು, ವಿಶಾಖಪಟ್ಟಣದ ಸೊಸೆ. ಬ್ಯಾಂಕಿನ ತನಿಖಾ ವಿಭಾಗದಿಂದ ನಿವೃತ್ತರಾದ ಮೇಲೂ ಅವರ ಮನೆಗೆ ಬಿಡಿಸಲಾಗದ ತಕರಾರುಗಳು ಬರುವುದು ನಿಂತಿರಲಿಲ್ಲ. ಅವರ ಮಹಡಿಯ ಕೋಣೆಯಲ್ಲಿ ಬಾಡಿಗೆಗಿದ್ದ ಅರ್ಪಿತಾ ಕಾಫಿ ತಂದಿಟ್ಟು ಅಲ್ಲೇ ಕುಳಿತಳು. ವರ್ಗವಾಗಿ ಬಂದು ವರ್ಷ ಕಳೆದಿದ್ದರೂ ಅವಳಿಗೆ ಊರು ಊರಾಗಿರಲಿಲ್ಲ. ದಿನವಿಡೀ ಬ್ಯಾಂಕಿನಲ್ಲಿ ಅರೆಬರೆ ತೆಲುಗು ಆಡಿ ಬಂದವಳಿಗೆ ಇಲ್ಲಿ ಕಿವಿಗೆ ಬೀಳುವ ಕನ್ನಡವೇ ಆಸರೆ.

ಕಿರಣ್ ಗದಗಿನವನು. ಕೆಲಸ ನಗರದ ಒಳಚರಂಡಿ ಉಸ್ತುವಾರಿ. ಮ್ಯಾನ್‌ಹೋಲ್‌ಗಳೊಳಗೆ ನೀರಿನ ಮಟ್ಟ ತೋರಿಸುವ ಯಂತ್ರಗಳು, ಆಯ್ದ ಮನೆಗಳ ತಾರಸಿಯ ಮೇಲೆ ಮಳೆಮಾಪಕಗಳು. ಋಷಿಕೊಂಡದ ಒಂದು ಅಪಾರ್ಟ್‌ಮೆಂಟಿನ ಮಾಪಕ ಸುಡುಬಿಸಿಲಲ್ಲಿ ಜೋರು ಮಳೆ ತೋರಿಸಿತ್ತು. ಹಿಂದೆಯೂ ಕೆಲವು ಸಲ ಹಾಗಾಗಿತ್ತು. ಆದರೆ ಈಗ ಪಂಪ್‌ಹೌಸನ್ನು ಮಾಪಕಕ್ಕೆ ಹೊಸದಾಗಿ ಜೋಡಿಸಿದ್ದರು. ಮಳೆಯೆಂದು ನಂಬಿದ ಪಂಪು ತಾನಾಗಿ ಶುರುವಾಗಿ, ನೀರಿಲ್ಲದೆ ಓಡಿ ಸುಟ್ಟುಹೋಯಿತು. ದುರಸ್ತಿಯಾಗುವ ಮೊದಲೇ ನಿಜವಾದ ಮಳೆ ಸುರಿಯಿತು. ಮ್ಯಾನ್‌ಹೋಲ್ ಉಕ್ಕಿ ಹೊಲಸು ಓಣಿಯ ಮನೆಗಳಿಗೆ ನುಗ್ಗಿತು. ಗಂಗಾಭವಾನಿ ಎಂಬ ಬಾಣಂತಿಯನ್ನು ಓಣಿಯವರು ಕೂಸಿನ ಸಮೇತ ಕುರ್ಚಿಯಲ್ಲಿ ಹೊತ್ತು ಹೊರತಂದರು. ಆ ಕೂಸಿಗೆ ಈಗ ವಾಂತಿಭೇದಿ, ಆಸ್ಪತ್ರೆಯಲ್ಲಿದೆ.

"ನೀನು ಊರಿಗೆ ಹೋದರೆ ಮಾಪಕ ನೋಡ್ಕೊಳ್ಳೋರು ಯಾರಪ್ಪ?" ಎಂದರು ಕಮಲಾಕ್ಷಿ.

"ನಮ್ಮ ಮೇಲಧಿಕಾರಿ ದುರ್ಗಾಪ್ರಸಾದ್ ಸರ್. ನಾ ಊರಿಗೆ ಹೋಗಿದ್ದಾಗ ಒಂದು ಸಲಾನೂ ಸುಳ್ಳು ಮಳಿ ಬರ್ಲಿಲ್ಲ. ಅದಕ್ಕ ಅವರು ನನ್ನ ಮ್ಯಾಲೆ ಸಂಶಯ ಪಡೋದು."

"ತಾರಸಿ ಬೀಗದ ಕೈ?"

"ನನ್ನ ಹತ್ರ ಒಂದು. ಕೆಳಗ ಟಿಫಿನ್ ಸೆಂಟರ್ ನಡಸೋ ಬಾಬ್ಜಿ ಹತ್ರ ಒಂದು. ಮ್ಯಾಲಿನ ಮನಿ ಅಶ್ವತ್ಥ ಕಾಕಾರ ಹತ್ರ ಒಂದು. ನಮ್ಮ ಹುಬ್ಬಳ್ಳಿ ಕಡೆಯವ್ರು. ಎಚ್ಚರಿಕಿ ಗಂಟಿ ನನ್ನ ಫೋನಿಗಷ್ಟ ಬರ್ತದ, ಬಂತಂದ್ರ ಓಡಿಹೋಗಿ ಮಾಪಕ ನೋಡ್ತೀನ್ರಿ. ಇಳಿದು ಕಾಕಾರ ಬಾಗಿಲು ತಟ್ಟೋದ್ರಾಗ ಚುರಮರಿ ಗಿರಮಿಟ್ಟು ಕಲಸಿ, ಛಾ ಕುದಿಸಿ ಇಟ್ಟಿರ್ತಾರ. ಊರಿಗೆ ಹೋಗೂ ಮುಂದನೂ ಅವರಿಗೆ ಹೇಳೇ ಹೋಗಿದ್ದೆ. ಪಾಪ, ದೇವರಂಥ ಮನುಷ್ಯಾ."

ಕಮಲಾಕ್ಷಿ ಆ ಮೂರು ಹೆಸರನ್ನೂ ಚೀಟಿಯಲ್ಲಿ ಬರೆದುಕೊಂಡರು.

ಮರುದಿನ ಅರ್ಪಿತಾಳನ್ನು ಕರೆದುಕೊಂಡು ಅವರು ಆ ತಾರಸಿ ಹತ್ತಿದರು. ದೂರದಲ್ಲಿ ಕಡಲು. ಮೂಲೆಯಲ್ಲಿ ಆಲಿಕೆಯಂಥ ಬಾಯಿಯ ಮಾಪಕ. ಬಾಬ್ಜಿ ಎಣ್ಣೆಗೈ ಒರೆಸಿಕೊಳ್ಳುತ್ತಲೇ ಬಂದ.

"ಪಂಪು ಸುಟ್ಟ ಆ ದಿನ ಮಳೆ ಎಲ್ಲಿಂದ ಬರಬೇಕಂಡಿ? ಈ ಡಬ್ಬಿ ಪಕ್ಕದಲ್ಲೇ ಅಪ್ಪಡಾಲು, ಅದೇ ಹಪ್ಪಳ, ಒಣಗಿಸಿದ್ದೆ. ಗರಿಗರಿಯಾಗಿದ್ದವು."

"ನಿಮ್ಮ ಅಡುಗೆ ಜಿಡ್ಡಿನಿಂದ ಚರಂಡಿ ಕಟ್ಕೊಳ್ತಿದೆ ಅಂತ ಓಣಿಯವರ ದೂರು ಇದೆಯಲ್ಲ?" ಎಂದರು ಕಮಲಾಕ್ಷಿ.

ಬಾಬ್ಜಿ ತಲೆ ತಗ್ಗಿಸಿದ. "ನಿಜಮೇ ಮೇಡಂಗಾರು. ಈಗ ಜಾಲರಿ ಹಾಕಿಸಿದ್ದೇನೆ."

ಭಾನುವಾರ ಮಧ್ಯಾಹ್ನ ಕಮಲಾಕ್ಷಿ ಕರೆದಂತೆ ಎಲ್ಲರೂ ಅಶ್ವತ್ಥರ ಮನೆಯಲ್ಲಿ ಸೇರಿದರು. ಅಶ್ವತ್ಥರೂ ಬ್ಯಾಂಕಿನ ಕೆಲಸಕ್ಕಾಗಿ ಬಂದವರೇ. ನಿವೃತ್ತರಾದ ಮೇಲೆ ಹುಬ್ಬಳ್ಳಿಗೆ ಮರಳಲು ಅಲ್ಲಿ ತಮ್ಮವರೆಂದು ಯಾರೂ ಉಳಿದಿರಲಿಲ್ಲ. ಗೋಡೆಯ ಮೇಲೆ ಒಂದು ಫೋಟೋ ಕೂಡ ಇಲ್ಲದ್ದನ್ನು ಅರ್ಪಿತಾ ಗಮನಿಸಿದಳು. ತನ್ನ ಕೋಣೆಯ ಗೋಡೆಯೂ ಹಾಗೇ ಇತ್ತು.

"ಕಿರಣೇ ಮಾಪಕ ಕೆಡಿಸಿದಾನೆ," ಎಂದರು ಮೇಲಧಿಕಾರಿ ದುರ್ಗಾಪ್ರಸಾದ್.

"ಮಾಪಕ ಕೆಟ್ಟಿಲ್ಲ. ಒಳಗೆ ನೀರು ಬಿದ್ದದ್ದು ನಿಜ," ಎಂದರು ಕಮಲಾಕ್ಷಿ. "ಆದರೆ ಪಕ್ಕದಲ್ಲೇ ಇದ್ದ ಬಾಬ್ಜಿಯ ಹಪ್ಪಳ ನೆನೆದಿಲ್ಲ. ಅಂದರೆ ಯಾರೋ ಕೈಯಾರೆ ಹೊಯ್ದದ್ದು. ಬಾಬ್ಜಿ ಹೊಯ್ದ ಅನ್ನೋಣ. ತನ್ನ ಜಿಡ್ಡಿನಿಂದ ಚರಂಡಿ ಉಕ್ಕಿದಾಗ ತಪ್ಪನ್ನು ಮಳೆಯ ಮೇಲೆ ಹಾಕೋಕೆ ಹೊಯ್ಯಬೇಕಿತ್ತು. ಸುಳ್ಳು ಮಳೆ ಬಂದ ದಿನಗಳಲ್ಲಿ ಮ್ಯಾನ್‌ಹೋಲಿನ ಮಟ್ಟ ಹೇಗಿತ್ತು, ದುರ್ಗಾಪ್ರಸಾದ್‌ಗಾರು?"

"ತಳದಲ್ಲೇ ಇತ್ತು."

"ಹಾಗಾದರೆ ಅವನಿಗೆ ಲಾಭವಿಲ್ಲ. ಕಿರಣ್ ಊರಲ್ಲಿ ಇಲ್ಲದಾಗ ಸುಳ್ಳು ಮಳೆ ಬರಲಿಲ್ಲ. ಅದಕ್ಕೇ ನೀವು ಅವನನ್ನು ಹಿಡಿದಿರಿ. ನಾನು ಅದನ್ನೇ ತಿರುಗಿಸಿ ನೋಡಿದೆ. ಕಿರಣ್ ಬರುವ ಹಾಗಿದ್ದಾಗ ಮಾತ್ರ ಮಳೆ ಬೇಕಾದವರು ಯಾರು? ಎಚ್ಚರಿಕೆ ಬರೋದು ಅವನ ಫೋನಿಗೊಂದಕ್ಕೇ. ಅವನು ಬಾಗಿಲು ತಟ್ಟುವ ಮೊದಲೇ ಇಬ್ಬರಿಗಾಗುವಷ್ಟು ಗಿರಮಿಟ್ಟು ತಯಾರಾಗಿರುತ್ತಿತ್ತು. ಅವನು ಬರ್ತಾನೇಂತ ನಿಮಗೆ ಹೇಗೆ ತಿಳೀತಿತ್ತು, ಅಶ್ವತ್ಥರೇ?"

ಅಶ್ವತ್ಥರು ಕೈಗಳನ್ನು ನೋಡಿಕೊಂಡರು.

"ಒಂದು ತಂಬಿಗಿ ನೀರು ಹಾಕ್ತಿದ್ದೆ, ಅಷ್ಟ," ಎಂದರು. "ಮೊದಲನೇ ಸಲ ಅವ ಬಂದು, 'ಕಾಕಾರ, ಆರಾಮದೀರೇನ್ರಿ?' ಅಂದ. ನಮ್ಮ ಮಾತು ಕೇಳಿ ಎಷ್ಟ ವರ್ಷ ಆಗಿತ್ತೋ. ಮಳಿ ಆದ್ರ ಬರ್ತೀನಿ ಅಂತ ಹೇಳಿದ್ದ. ಮಳಿ ಬರ್ಲೇ ಇಲ್ಲ. ಪಂಪಿನ ಸುದ್ದಿ ನನಗ ಗೊತ್ತಿರ್ಲಿಲ್ರಿ."

"ಓಣಿ ತುಂಬಿದ ಮೇಲೆ ಗೊತ್ತಾಯಿತಲ್ಲ? ಆಗ ಯಾಕೆ ಸುಮ್ಮನಿದ್ದಿರಿ?"

"ಹೇಳಿದ್ರ... ಇವ ಮತ್ತ ಬರೂದಿಲ್ಲಲ್ರಿ."

ಕಮಲಾಕ್ಷಿಯವರ ದನಿ ಮೆದುವಾಗಲಿಲ್ಲ. "ಆಸ್ಪತ್ರೆಗೆ ಹೋಗಿ ಗಂಗಾಭವಾನಿಯ ಎದುರು ನಿಂತು ಇದನ್ನೇ ಹೇಳಬೇಕು. ಇವತ್ತೇ."

ಅಶ್ವತ್ಥರು ಒಪ್ಪಿದರು. ದುರ್ಗಾಪ್ರಸಾದ್ ಕಿರಣ್‌ನ ಕ್ಷಮೆ ಕೇಳಿ, ಮಾಪಕವನ್ನು ಬೇರೆ ಕಟ್ಟಡಕ್ಕೆ ಸಾಗಿಸುವುದಾಗಿ ಹೇಳಿ ಎದ್ದರು. ಬಾಬ್ಜಿಯೂ ಇಳಿದು ಹೋದ.

ಕಿರಣ್ ಬಾಗಿಲ ಬಳಿ ಬೂಟು ಹಾಕಿಕೊಳ್ಳುತ್ತಿದ್ದ. ಅವನ ಕಿವಿಗಳು ಕೆಂಪಾಗಿದ್ದವು.

"ತಮ್ಮಾ, ಒಂದೀಟು ಛಾ..." ಎಂದರು ಅಶ್ವತ್ಥರು.

ಕಿರಣ್ ತಲೆಯೆತ್ತಿ ಅವರನ್ನು ನೋಡಿದ. "ವದ್ದಂಡಿ," ಎಂದ. "ವೆಳ್ಳೊಸ್ತಾನು."

ಬೇಡ, ಹೊರಡುತ್ತೇನೆ ಎಂದಷ್ಟೇ ಅದರ ಅರ್ಥ. ಆದರೆ ಅವನು ಅದನ್ನು ತೆಲುಗಿನಲ್ಲಿ ಹೇಳಿದ್ದ. ಮೆಟ್ಟಿಲ ಮೇಲೆ ಅವನ ಹೆಜ್ಜೆ ಸದ್ದು ಅಡಗುವವರೆಗೆ ಅಶ್ವತ್ಥರು ಬಾಗಿಲು ಹಿಡಿದೇ ನಿಂತಿದ್ದರು.

ಕಮಲಾಕ್ಷಿ ಹೊರಡಲು ಕಣ್ಸನ್ನೆ ಮಾಡಿದರು. ಎದ್ದಿದ್ದ ಅರ್ಪಿತಾ ಮತ್ತೆ ಕುಳಿತಳು.

"ನೀವು ಹೋಗಿರಿ ಆಂಟಿ. ಇವರ ಜೊತೆ ಆಸ್ಪತ್ರೆಗೆ ನಾನು ಹೋಗಿಬರ್ತೀನಿ."